ಪ್ಲೇಟ್‌ಲೆಟ್ ಕೌಂಟ್ 2.7 ಲಕ್ಷ ಇದೆ, ಆದರೂ ಮಗಳಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಯಾಕೆ?

ಶಿರಸಿ ಅಮ್ಮ:

ನಮಸ್ಕಾರ. ಮಗಳಿಗೆ 16 ವರ್ಷ, ಪಿಯುಸಿ ಮೊದಲ ವರ್ಷ. ನಾಲ್ಕೈದು ವರ್ಷದವಳಿದ್ದಾಗಿನಿಂದಲೂ ಮೂಗಿನಲ್ಲಿ ರಕ್ತ ಬರುತ್ತದೆ. ಉಷ್ಣ ಎಂದರು. ತಲೆಗೆ ಎಣ್ಣೆ ಹಚ್ಚಿದೆ, ಎಳನೀರು ಕುಡಿಸಿದೆ. ದೊಡ್ಡವಳಾದ ಮೇಲೆ ತಿಂಗಳ ಮುಟ್ಟು ಎಂಟೊಂಬತ್ತು ದಿನ. ಎಲ್ಲರಿಗೂ ಒಂದೊಂದು ಥರ ಎಂದು ನಾನೂ ಸುಮ್ಮನಿದ್ದೆ. ಹೋದ ತಿಂಗಳು ದವಡೆ ಹಲ್ಲು ಕೀಳಿಸಿದಾಗ ಎರಡು ದಿನ ಜಿನುಗುತ್ತಲೇ ಇತ್ತು. ದಿಂಬಿನ ಕವರ್ ನೋಡಿ ನನಗೆ ಕೈಕಾಲು ಆಡಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.6. ಪ್ಲೇಟ್‌ಲೆಟ್ 2.7 ಲಕ್ಷ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಎಂದು ನೋಡುವ ಪಿ.ಟಿ., ಎ.ಪಿ.ಟಿ.ಟಿ. ಎರಡೂ ಸರಿಯಿವೆ. ಡಾಕ್ಟರು ದೊಡ್ಡ ಊರಿಗೆ ಕಳಿಸಿ "ಪ್ಲೇಟ್‌ಲೆಟ್ ಅಗ್ರಿಗೇಶನ್" ಎಂಬ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ಹೀಗಿದೆ: ಎಡಿಪಿ 38%, ಎರಡನೇ ಅಲೆ ಇಲ್ಲ. ಎಪಿನೆಫ್ರಿನ್ 18%. ಕೊಲಾಜನ್ 41%. ಅರಾಕಿಡೋನಿಕ್ ಆಸಿಡ್ 6%. ರಿಸ್ಟೊಸೆಟಿನ್ 84%. ಮತ್ತೆ ನೋಡಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗುವುದು ಮುಂದಿನ ವಾರ. ಅಲ್ಲಿಯವರೆಗೆ ನಿದ್ದೆ ಬರುವುದಿಲ್ಲ. ಕೌಂಟ್ ಸರಿ ಇದ್ದ ಮೇಲೆ ರಕ್ತ ಯಾಕೆ ನಿಲ್ಲಬಾರದು? ತಿಳಿದವರು ಹೇಳಿ.

ದಾವಣಗೆರೆ ಹುಡುಗ:

ಅಕ್ಕ, ನನಗೆ ಡೆಂಗಿ ಬಂದಾಗ ಬಿಳಿ ರಕ್ತಕಣ 30 ಸಾವಿರಕ್ಕೆ ಇಳಿದಿತ್ತು. ಪಪ್ಪಾಯಿ ಎಲೆ ರಸ ಕುಡಿದೆ, ಏರಿತು. ನೀವೂ ಕೊಟ್ಟು ನೋಡಿ.

ನೀಲಿ ಮುಚ್ಚಳ:

ತಮ್ಮಾ, ನೀನು ಪ್ರೀತಿಯಿಂದ ಹೇಳಿದ್ದೀಯ. ಆದರೆ ಈ ಹುಡುಗಿಗೆ ಲೆಕ್ಕ ಏರಿಸುವ ಅಗತ್ಯವೇ ಇಲ್ಲ. 2.7 ಲಕ್ಷ ಒಳ್ಳೆಯ ಲೆಕ್ಕ. ಒಂದು ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ ಇದ್ದರೆ ಸಾಕು. ಇನ್ನೊಂದು, ನಮ್ಮ ಕಡೆ ಡೆಂಗಿ ಬಂದಾಗ "ಬಿಳಿ ರಕ್ತಕಣ ಇಳಿಯಿತು" ಎನ್ನುವುದು ರೂಢಿ. ಅವರು ಹೇಳುವ ಕಣಗಳು ಬಿಳಿ ರಕ್ತಕಣಗಳಲ್ಲ, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್. ಬಿಳಿ ಕಣ ಬೇರೆ, ಅವು ಸೋಂಕಿನ ಜೊತೆ ಹೋರಾಡುತ್ತವೆ.

ಅಮ್ಮಾ, ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ 31 ವರ್ಷ ಕೆಲಸ ಮಾಡಿದವಳು. ಕೊನೆಯ 14 ವರ್ಷ ಇದೇ ಅಗ್ರಿಗೇಶನ್, ಅಂದರೆ ಗುಂಪಾಗುವುದನ್ನು ಅಳೆಯುವ ಮಷೀನಿನ ಮುಂದೆ ಕೂತಿದ್ದೆ. ಡಾಕ್ಟರ್ ಅಲ್ಲ, ಔಷಧ ಹೇಳುವುದಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಕಾಗದ ಏನು ಹೇಳುತ್ತಿದೆ ಎಂದು ಹೇಳಬಲ್ಲೆ.

ಕೌಂಟ್ ಎಂದರೆ ಬರೀ ತಲೆ ಎಣಿಕೆ. ಊರಲ್ಲಿ ಬೆಂಕಿ ಬಿದ್ದಾಗ ಎಷ್ಟು ಜನ ಇದ್ದರು ಎಂದು ಎಣಿಸಿದ ಹಾಗೆ. ಎಷ್ಟು ಜನ ಓಡಿ ಬಂದರು, ಬಂದವರು ಉಳಿದವರನ್ನು ಕೂಗಿ ಕರೆದರಾ, ಕೈ ಕೈ ಹಿಡಿದು ನಿಂತರಾ, ಅದು ಬೇರೆ ಲೆಕ್ಕ. ನಿಮ್ಮ ರಿಪೋರ್ಟ್ ಆ ಎರಡನೇ ಲೆಕ್ಕ.

ಕೆಲಸ ನಡೆಯುವುದು ಹೀಗೆ. ರಕ್ತನಾಳ ಕುಯ್ದಾಗ ಅದರ ಗೋಡೆಯ ಹಿಂದಿನ ಕೊಲಾಜನ್ ಎಂಬ ನಾರು ಹೊರಗೆ ಕಾಣುತ್ತದೆ. ರಕ್ತದಲ್ಲಿ ತೇಲುವ ವಾನ್ ವಿಲ್ಲಿಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೋಟೀನ್ ಆ ನಾರಿಗೆ ಅಂಟುತ್ತದೆ. ರಕ್ತ ಜೋರಾಗಿ ಹರಿಯುವಾಗ ಅದು ಸುರುಳಿ ಬಿಚ್ಚಿದ ಹಗ್ಗದ ಹಾಗೆ ಚಾಚಿಕೊಳ್ಳುತ್ತದೆ. ಪಕ್ಕದಲ್ಲಿ ಹೋಗುವ ಪ್ಲೇಟ್‌ಲೆಟ್ ಆ ಹಗ್ಗಕ್ಕೆ ಸಿಕ್ಕಿ, ಉರುಳಿ, ನಿಲ್ಲುತ್ತದೆ. ಇದು ಅಂಟುವುದು. ಆಮೇಲೆ ಅದು ತನ್ನ ಆಕಾರ ಬದಲಿಸುತ್ತದೆ. ಸಾಸರಿನಂತೆ ಚಪ್ಪಟೆ ಇದ್ದದ್ದು ಉಂಡೆಯಾಗಿ ಮುಳ್ಳು ಮುಳ್ಳಾಗುತ್ತದೆ. ಹೊಟ್ಟೆಯೊಳಗಿನ ಪುಟ್ಟ ಚೀಲಗಳನ್ನು ಹೊರಗೆ ಖಾಲಿ ಮಾಡುತ್ತದೆ. ಜೊತೆಗೆ ಥ್ರಾಂಬಾಕ್ಸೇನ್ ಎಂಬುದನ್ನು ಆಗಿಂದಾಗ್ಗೆ ತಯಾರಿಸಿ ಬಿಡುತ್ತದೆ. ಇವೆರಡೂ ಸೇರಿ ಪಕ್ಕದ ಪ್ಲೇಟ್‌ಲೆಟ್‌ಗಳಿಗೆ ಕೂಗು ಹಾಕಿದ ಹಾಗೆ. ಕೂಗು ಕೇಳಿದ ಪ್ಲೇಟ್‌ಲೆಟ್ ಮೈಮೇಲಿನ ಒಂದು ಕೊಕ್ಕೆ ತೆರೆದುಕೊಳ್ಳುತ್ತದೆ. ರಕ್ತದಲ್ಲಿರುವ ಫೈಬ್ರಿನೋಜನ್‌ಗೆ ಎರಡು ತುದಿ. ಒಂದೊಂದು ತುದಿಯನ್ನು ಒಂದೊಂದು ಪ್ಲೇಟ್‌ಲೆಟ್ ಹಿಡಿದುಕೊಳ್ಳುತ್ತದೆ. ಹೀಗೆ ಸಾವಿರಾರು ಸೇರಿದರೆ ಗುಂಪು. ಆ ಗುಂಪೇ ತೂತಿಗೆ ಮೊದಲ ಬೆಣೆ.

ಪರೀಕ್ಷೆಯಲ್ಲಿ ಇದನ್ನೇ ಗಾಜಿನ ಕೊಳವೆಯಲ್ಲಿ ಮಾಡಿಸುತ್ತಾರೆ. ರಕ್ತವನ್ನು ಮಷೀನಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಕೆಂಪು ಕಣ ತಳಕ್ಕೆ ಹೋಗಿ ಮೇಲೆ ಮಬ್ಬು ಹಳದಿ ನೀರು ಉಳಿಯುತ್ತದೆ. ಆ ಮಬ್ಬೇ ಪ್ಲೇಟ್‌ಲೆಟ್. ಆ ಕೊಳವೆಯನ್ನು ಕಿಟಕಿ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಒಳಗೆ ರೇಷ್ಮೆ ಸೀರೆಯ ಮಡಿಕೆಯಂತೆ ಹೊಳಪು ಸುಳಿದಾಡುತ್ತದೆ. ಚಪ್ಪಟೆ ಬಿಲ್ಲೆಗಳು ಬೆಳಕಿಗೆ ಒಟ್ಟಿಗೆ ವಾಲುವುದರಿಂದ ಹಾಗೆ. ಪ್ರತಿದಿನ ಬೆಳಿಗ್ಗೆ ಅದನ್ನು ನೋಡುವುದು ನನಗೆ ಇಷ್ಟವಾಗಿತ್ತು. ಹೊಳಪು ಇಲ್ಲದಿದ್ದರೆ ಪ್ಲೇಟ್‌ಲೆಟ್ ಆಗಲೇ ಉಂಡೆಯಾಗಿದೆ, ಮಾದರಿ ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು.

ಕೊಳವೆಯನ್ನು 37 ಡಿಗ್ರಿಯಲ್ಲಿ ಇಟ್ಟು, ಒಳಗೆ ಕದಡುತ್ತಾ, ಒಂದು ಕಡೆಯಿಂದ ಬೆಳಕು ಬಿಡುತ್ತೇವೆ. ಪ್ಲೇಟ್‌ಲೆಟ್ ಎಬ್ಬಿಸುವ ಎಡಿಪಿ ಎಂಬ ರಾಸಾಯನಿಕ ಒಂದು ಹನಿ ಹಾಕುತ್ತೇವೆ. ಪ್ಲೇಟ್‌ಲೆಟ್ ಗುಂಪಾದರೆ, ಹಾಲು ಒಡೆದಾಗ ನೀರು ತಿಳಿಯಾಗುತ್ತದಲ್ಲ, ಹಾಗೆ ತಿಳಿಯಾಗುತ್ತದೆ. ಬೆಳಕು ಜಾಸ್ತಿ ದಾಟುತ್ತದೆ. ಗ್ರಾಫ್ ಏರುತ್ತದೆ. ಎಷ್ಟು ಏರಿತು ಎಂಬುದೇ ನಿಮ್ಮ ಕಾಗದದ ಶೇಕಡಾ ಲೆಕ್ಕ. ಅಲ್ಲಿರುವ ಬೇರೆ ಹೆಸರುಗಳೂ ಹೀಗೆ ಹಾಕುವ ಹನಿಗಳೇ. ಇದನ್ನು 1962ರಲ್ಲಿ ಲಂಡನ್ನಿನಲ್ಲಿ ರೂಪಿಸಿದವರು ಗುಸ್ತಾವ್ ಬಾರ್ನ್. ಅವರ ತಂದೆ ಮ್ಯಾಕ್ಸ್ ಬಾರ್ನ್, ಭೌತವಿಜ್ಞಾನಿ. ಸಿ.ವಿ. ರಾಮನ್ ಕರೆದಿದ್ದಕ್ಕೆ 1935–36ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದವರು. ಇದನ್ನು ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆಲ್ಲ ಹೇಳುತ್ತಿದ್ದೆ.

ಈಗ ನಿಮ್ಮ ಕಾಗದ. ಸ್ವಲ್ಪವೇ ಎಡಿಪಿ ಹಾಕಿದಾಗ ಗ್ರಾಫ್ ಒಮ್ಮೆ ಏರುತ್ತದೆ. ಅದು ಹೊರಗಿನಿಂದ ನಾವು ತಟ್ಟಿದ್ದಕ್ಕೆ ಬಂದ ಉತ್ತರ, ಮೊದಲ ಅಲೆ. ಆಮೇಲೆ ಪ್ಲೇಟ್‌ಲೆಟ್ ತನ್ನದೇ ಸರಕು ಹೊರಗೆ ಹಾಕಿ, ಥ್ರಾಂಬಾಕ್ಸೇನ್ ಮಾಡಿದರೆ ಇನ್ನೊಮ್ಮೆ ಏರುತ್ತದೆ, ಎರಡನೇ ಅಲೆ. ಅದು ಬರದಿದ್ದರೆ ಕಟ್ಟಿದ ಗುಂಪು ಮತ್ತೆ ಬಿಚ್ಚಿಹೋಗುತ್ತದೆ. ನಿಮ್ಮ ಮಗಳ ಪ್ಲೇಟ್‌ಲೆಟ್ ಬರುತ್ತಿದೆ, ಕೈ ಹಿಡಿಯುತ್ತಿದೆ, ಆದರೆ ಕೂಗುತ್ತಿಲ್ಲ. ರಿಸ್ಟೊಸೆಟಿನ್ 84 ಇರುವುದರಿಂದ ಆ ಹಗ್ಗಕ್ಕೆ ಅಂಟುವ ಹೆಜ್ಜೆ ಸರಿಯಿದ್ದ ಹಾಗೆ ಕಾಣುತ್ತದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅರಾಕಿಡೋನಿಕ್ ಆಸಿಡ್ 6%. ಥ್ರಾಂಬಾಕ್ಸೇನ್ ತಯಾರಾಗುವುದು ಅದರಿಂದಲೇ. ಅದು ಇಷ್ಟು ಚಪ್ಪಟೆಯಾಗಿದ್ದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಪರೀಕ್ಷೆಗೆ ಮುಂಚಿನ ಎರಡು ವಾರದಲ್ಲಿ ಅವಳು ಯಾವುದಾದರೂ ನೋವಿನ ಮಾತ್ರೆ ತೆಗೆದುಕೊಂಡಿದ್ದಳಾ? ಹಲ್ಲಿಗೆ, ತಲೆಗೆ, ಹೊಟ್ಟೆಗೆ? ಅವಳನ್ನೇ ಕೇಳಿ. ಈ ವಯಸ್ಸಿನ ಹೆಣ್ಣುಮಕ್ಕಳು ಅಮ್ಮನಿಗೂ ಹೇಳದೆ ನುಂಗಿರುತ್ತಾರೆ.

ಶಿರಸಿ ಅಮ್ಮ:

ನಿಮಗೆ ಹೇಗೆ ಗೊತ್ತಾಯಿತು? ಕೇಳಿದೆ. ರಕ್ತ ಕೊಡುವ ಹಿಂದಿನ ದಿನ ಮುಟ್ಟಿನ ಹೊಟ್ಟೆನೋವಿಗೆ ಮೆಫೆನಮಿಕ್ ಆಸಿಡ್ ಎರಡು ಮಾತ್ರೆ, ಹೋಗುವ ದಿನ ಬೆಳಿಗ್ಗೆ ಬಸ್ಸಿನಲ್ಲಿ ಒಂದು. ಗೆಳತಿ ಕೊಟ್ಟಿದ್ದಂತೆ. ಲ್ಯಾಬಿನಲ್ಲಿ ಯಾರೂ ಕೇಳಲಿಲ್ಲ. ಹಾಗಾದರೆ ಅವಳಿಗೆ ಏನೂ ಇಲ್ಲವಾ?

ನೀಲಿ ಮುಚ್ಚಳ:

ಅದನ್ನು ಈಗ ಹೇಳಲಾಗುವುದಿಲ್ಲ ಅಮ್ಮ. ಮಾತ್ರೆ ಚಿತ್ರವನ್ನು ಮಸುಕು ಮಾಡಿದೆ, ಅಷ್ಟು ಮಾತ್ರ ಖಚಿತ. ನಾಲ್ಕು ವರ್ಷದವಳಿದ್ದಾಗ ಬರುತ್ತಿದ್ದ ಮೂಗಿನ ರಕ್ತಕ್ಕೆ ಹೋದ ತಿಂಗಳ ಮಾತ್ರೆ ಕಾರಣ ಆಗುವುದಿಲ್ಲ ಅಲ್ವಾ. ಪರೀಕ್ಷೆ ಇನ್ನೊಮ್ಮೆ ಆಗಬೇಕು. ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಮಾತ್ರೆಯ ವಿಷಯ ಹೇಳಿ.

ಥ್ರಾಂಬಾಕ್ಸೇನ್ ಮಾಡಲು ಪ್ಲೇಟ್‌ಲೆಟ್ ಒಳಗೆ ಕಾಕ್ಸ್-1 ಎಂಬ ಕಿಣ್ವ ಬೇಕು. ಆಸ್ಪಿರಿನ್ ಅದಕ್ಕೆ ಬೀಗ ಹಾಕಿ ಕೀಲಿ ಎಸೆದುಬಿಡುತ್ತದೆ. ಬೇರೆ ಜೀವಕೋಶವಾದರೆ ಹೊಸ ಕಿಣ್ವ ಮಾಡಿಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗೆ ಹೊಸ ಕಿಣ್ವ ಮಾಡಿಸಲು ನ್ಯೂಕ್ಲಿಯಸ್ಸೇ ಇಲ್ಲ. ಅದು ಮೂಳೆಯ ಮಜ್ಜೆಯಲ್ಲಿರುವ ದೈತ್ಯ ಕೋಶದಿಂದ ಒಡೆದುಕೊಂಡು ಬಂದ ತುಣುಕು. ಹಾಗಾಗಿ ಆ ಪ್ಲೇಟ್‌ಲೆಟ್ ಬದುಕಿರುವ 7ರಿಂದ 10 ದಿನವೂ ಮೂಕ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ದಿನಕ್ಕೆ 75 ಮಿಲಿಗ್ರಾಂ ಸಾಕಾಗುವುದು ಇದಕ್ಕೇ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಬಂತು. ಮೆಫೆನಮಿಕ್, ಐಬುಪ್ರೊಫೇನ್ ಹಾಗಲ್ಲ. ಅವು ಬಾಗಿಲಿಗೆ ಅಡ್ಡ ನಿಂತು, ರಕ್ತದಿಂದ ಇಳಿದ ಮೇಲೆ ಸರಿಯುತ್ತವೆ. ಆದರೂ ನಾವು ಯಾವ ನೋವಿನ ಮಾತ್ರೆಯಾದರೂ 10ರಿಂದ 14 ದಿನ ಬಿಟ್ಟು ಬನ್ನಿ ಎಂದೇ ಹೇಳುತ್ತಿದ್ದೆವು. ಜನರಿಗೆ ಮಾತ್ರೆಯ ಹೆಸರು ಸರಿಯಾಗಿ ನೆನಪಿರುವುದಿಲ್ಲ.

ಇನ್ನೊಮ್ಮೆ ಹೋಗುವಾಗ ಖಾಲಿ ಹೊಟ್ಟೆಯಲ್ಲಿ ಹೋಗಿ. ತುಪ್ಪದ ದೋಸೆ ತಿಂದು ಬಂದವರ ಪ್ಲಾಸ್ಮಾ ಹಾಲಿನ ಹಾಗಿರುತ್ತದೆ, ಬೆಳಕೇ ದಾಟುವುದಿಲ್ಲ. ರಕ್ತವನ್ನು ಶಿರಸಿಯಲ್ಲಿ ತೆಗೆಸಿ ಕಳಿಸಬೇಡಿ, ಮಗಳನ್ನೇ ಕರೆದುಕೊಂಡು ಹೋಗಿ. ತೆಗೆದ ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು.

ಒಮ್ಮೆ ಒಬ್ಬ ತಂದೆ ರಾತ್ರಿಯೆಲ್ಲ ಪ್ರಯಾಣ ಮಾಡಿ, ಮಗನ ರಕ್ತವನ್ನು ಐಸ್ ತುಂಬಿದ ಥರ್ಮಾಸ್‌ನಲ್ಲಿ ಇಟ್ಟುಕೊಂಡು ಬಂದಿದ್ದರು. ಕೆಡಬಾರದೆಂದು ಅಷ್ಟು ಜೋಪಾನ. ಚಳಿಗೆ ಪ್ಲೇಟ್‌ಲೆಟ್ ಉಂಡೆಯಾಗಿಬಿಡುತ್ತದೆ. ಕೊಳವೆಯಲ್ಲಿ ಹೊಳಪಿರಲಿಲ್ಲ. ಮಗುವನ್ನು ಕರೆತನ್ನಿ ಎಂದು ಫೋನಿನಲ್ಲಿ ನಾವು ಹೇಳಿರಲಿಲ್ಲ. ಅವರು ಏನೂ ಅನ್ನದೆ ಥರ್ಮಾಸ್ ತೊಳೆದುಕೊಂಡು ಹೋದರು. ಆ ಮುಖ ಈಗಲೂ ಕಣ್ಣ ಮುಂದಿದೆ. ಅಂದಿನಿಂದ ಅಪಾಯಿಂಟ್‌ಮೆಂಟ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟೆ: ಮಾತ್ರೆ ಕೇಳು, ಊಟ ಕೇಳು, ಐಸ್ ಬೇಡ ಎನ್ನು.

ಒಂದು ವಿಷಯ ಮುಜುಗರವಿಲ್ಲದೆ ಡಾಕ್ಟರಿಗೆ ಹೇಳಿ: ನೀವೂ ನಿಮ್ಮ ಯಜಮಾನರೂ ಸೋದರ ಸಂಬಂಧದಲ್ಲಿ ಮದುವೆಯಾದವರಾ ಎಂದು. ತಪ್ಪು ಹೊರಿಸಲು ಕೇಳುತ್ತಿಲ್ಲ. ಪ್ಲೇಟ್‌ಲೆಟ್‌ನ ಕೆಲವು ಹುಟ್ಟು ದೋಷಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನಿನ ಒಂದೊಂದು ಪ್ರತಿ ಬರಬೇಕು.

ಬಯಾಲಜಿ ಮೇಷ್ಟ್ರು:

ಮೇಡಂ, ಪಠ್ಯದಲ್ಲಿ "ಪ್ಲೇಟ್‌ಲೆಟ್‌ಗಳು ಒಡೆದು ಥ್ರಾಂಬೋಪ್ಲಾಸ್ಟಿನ್ ಬಿಡುಗಡೆ ಮಾಡುತ್ತವೆ" ಎಂದು ನಾನೂ ಓದಿದ್ದೆ, ಮಕ್ಕಳಿಗೂ ಹಾಗೇ ಹೇಳುತ್ತಿದ್ದೇನೆ. ನೀವು ಚೀಲ ಖಾಲಿ ಮಾಡುತ್ತವೆ ಎನ್ನುತ್ತಿದ್ದೀರಿ. ಒಡೆಯುತ್ತದಾ, ಖಾಲಿ ಮಾಡುತ್ತದಾ? ಒಳಗಿರುವುದು ಏನು?

ನೀಲಿ ಮುಚ್ಚಳ:

ಒಳ್ಳೆಯ ಪ್ರಶ್ನೆ ಸರ್. ದಯವಿಟ್ಟು ಮಕ್ಕಳಿಗೆ "ಒಡೆಯುತ್ತದೆ" ಎನ್ನಬೇಡಿ. ಮಡಕೆ ಒಡೆದ ಹಾಗೆ ಅಲ್ಲ ಅದು, ಜೇಬಿನಿಂದ ತೆಗೆದು ಕೊಟ್ಟ ಹಾಗೆ. ಪ್ಲೇಟ್‌ಲೆಟ್ ಅಡ್ಡಕ್ಕೆ ಇರುವುದೇ 2–3 ಮೈಕ್ರೋಮೀಟರ್. ಅಷ್ಟರಲ್ಲೇ ಎರಡು ಬಗೆಯ ಚೀಲ. ಆಲ್ಫಾ ಚೀಲಗಳು 50ರಿಂದ 80. ಅವುಗಳಲ್ಲಿ ಫೈಬ್ರಿನೋಜನ್, ವಾನ್ ವಿಲ್ಲಿಬ್ರಾಂಡ್ ಅಂಶ, ರಕ್ತ ಹೆಪ್ಪುಗಟ್ಟಲು ಬೇಕಾದ ಐದನೇ ಅಂಶ, ಗಾಯ ಮಾಯಲು ಬೇಕಾದ ಬೆಳವಣಿಗೆಯ ಪ್ರೋಟೀನ್‌ಗಳು. ಡೆನ್ಸ್, ಅಂದರೆ ದಟ್ಟ ಚೀಲಗಳು ಬರೀ 3ರಿಂದ 8. ಅವುಗಳಲ್ಲಿ ಎಡಿಪಿ, ಎಟಿಪಿ, ಸೆರೊಟೋನಿನ್, ಕ್ಯಾಲ್ಸಿಯಂ. ಕ್ಯಾಲ್ಸಿಯಂ ಒತ್ತಾಗಿ ತುಂಬಿರುವುದರಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕೆಗಳಂತೆ ಕಾಣುತ್ತವೆ.

ಪ್ಲೇಟ್‌ಲೆಟ್ ಎಚ್ಚೆತ್ತಾಗ ಒಳಗಿನ ಕ್ಯಾಲ್ಸಿಯಂ ಮಟ್ಟ ಏರುತ್ತದೆ. ಚೀಲಗಳ ಪೊರೆ ಪ್ಲೇಟ್‌ಲೆಟ್‌ನ ಹೊರಪೊರೆಗೆ, ಅಥವಾ ಆ ಪೊರೆ ಒಳಕ್ಕೆ ಕೊರೆದುಕೊಂಡ ಕಾಲುವೆಗಳಿಗೆ ಕೂಡಿಕೊಂಡು, ಬಾಯಿ ತೆರೆದು ಸರಕು ಸುರಿಯುತ್ತದೆ. ಎಡಿಪಿ ಪಕ್ಕದವರನ್ನು ಎಬ್ಬಿಸುತ್ತದೆ. ಸೆರೊಟೋನಿನ್ ನಾಳವನ್ನು ಬಿಗಿಸುತ್ತದೆ. ಎದ್ದವರು ತಮ್ಮ ಚೀಲ ಸುರಿಯುತ್ತಾರೆ. ಹೀಗೆ ಒಬ್ಬರಿಂದ ಒಬ್ಬರಿಗೆ. ಹಾಗೆಂದು ಮೈಯೆಲ್ಲ ಗಡ್ಡೆ ಕಟ್ಟುವುದಿಲ್ಲ. ಪಕ್ಕದ ಗಾಯವಿಲ್ಲದ ನಾಳದ ಗೋಡೆ ಪ್ರೋಸ್ಟಾಸೈಕ್ಲಿನ್, ನೈಟ್ರಿಕ್ ಆಕ್ಸೈಡ್ ಬಿಟ್ಟು "ಇಲ್ಲಿ ಬೇಡ" ಎನ್ನುತ್ತದೆ, ಎಡಿಪಿಯನ್ನೂ ಒಡೆದು ಹಾಕುತ್ತದೆ. ಕಟ್ಟುವುದು, ತಡೆಯುವುದು ಎರಡೂ ಕೂದಲೆಳೆ ದೂರದಲ್ಲಿ ಒಟ್ಟಿಗೆ ನಡೆಯುತ್ತಿರುತ್ತವೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ಲೇಟ್‌ಲೆಟ್‌ಗಳು ಗಾಯಕ್ಕೆ ಅಂಟಿ ಗುಂಪಾಗುವುದನ್ನು ಚೆನ್ನಾಗಿ ಕಂಡು ಬರೆದವರು ಇಟಲಿಯ ಟ್ಯೂರಿನ್‌ನ ಬಿಟ್ಸೊಜೆರೊ. 1880ರ ದಶಕದ ಮೊದಲ ವರ್ಷಗಳು. ಜೀವಂತ ಗಿನಿಯಿಲಿಯ ಕರುಳಿನ ತೆಳು ಪೊರೆಯ ನಾಳಗಳಲ್ಲೇ ನೋಡಿದರು.

ಇನ್ನು ಸರಕು ಹೊರಗೆ ಬಿತ್ತು ಎಂದು ತಿಳಿಯುವುದು ಹೇಗೆ? ಗುಂಪಾಗಿದ್ದು ಕಣ್ಣಿಗೆ ಕಾಣುತ್ತದೆ. ಎಟಿಪಿ ಹೊರಗೆ ಬಂದದ್ದು ಕಾಣುವುದಿಲ್ಲ. ಅದಕ್ಕೆ ಮಿಂಚುಹುಳ ಬೇಕು. ನಿಜವಾಗಿ ಹೇಳುತ್ತಿದ್ದೇನೆ. ಮಿಂಚುಹುಳದ ಹೊಟ್ಟೆಯಲ್ಲಿ ಬೆಳಕು ಕೊಡುವ ಲೂಸಿಫೆರಿನ್ ಮತ್ತು ಲೂಸಿಫೆರೇಸ್‌ಗೆ ಎಟಿಪಿ ಸಿಕ್ಕಿದರೆ ಬೆಳಗುತ್ತದೆ. ಅವೆರಡನ್ನೂ ಕೊಳವೆಗೆ ಹಾಕಿದರೆ, ಪ್ಲೇಟ್‌ಲೆಟ್ ಚೀಲ ಸುರಿದ ಗಳಿಗೆಗೇ ಬೆಳಕು. ಎಷ್ಟು ಎಟಿಪಿಯೋ ಅಷ್ಟು ಬೆಳಕು. ಮಷೀನಿನ ಕಣ್ಣು ಅದನ್ನು ಅಳೆಯುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು. ಮುಂಗಾರಿಗೆ ಮುಂಚೆ ಮರವೇ ಹೊತ್ತಿ ಆರಿದಂತೆ ಮಿಂಚುಹುಳ ಕೂರುವುದನ್ನು ನೋಡುತ್ತಾ ಬೆಳೆದವಳು. ಮೊದಲ ದಿನ ಆ ಪುಡಿಯ ಸೀಸೆಯ ಮೇಲಿನ ಹೆಸರು ಓದಿ ಸುಮ್ನೆ ನಿಂತುಬಿಟ್ಟಿದ್ದೆ.

ಶಿರಸಿ ಅಮ್ಮ, ಎರಡನೇ ಸಲ ಹೋಗುವಾಗ "ಎಟಿಪಿ ಬಿಡುಗಡೆಯನ್ನೂ ನೋಡುತ್ತೀರಾ" ಎಂದು ಕೇಳಿ. ಚೀಲದ ದೋಷ ಇರುವ ಕೆಲವರಲ್ಲಿ ಗುಂಪಾಗುವ ಗ್ರಾಫ್ ಪೂರ್ತಿ ಸರಿಯಾಗೇ ಬರುತ್ತದೆ. ಬೆಳಕು ಮಾತ್ರ ಕಡಿಮೆ ಇರುತ್ತದೆ.

ಬಯಾಲಜಿ ಮೇಷ್ಟ್ರು:

ನಾಳೆಯೇ ತಿದ್ದಿ ಹೇಳುತ್ತೇನೆ. ಕೊಕ್ಕೆಯೇ ಇಲ್ಲದಿದ್ದರೆ?

ನೀಲಿ ಮುಚ್ಚಳ:

ಅದು ಗ್ಲಾಂಜ್‌ಮನ್ ಕಾಯಿಲೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾಂಜ್‌ಮನ್ 1918ರಲ್ಲಿ ವಿವರಿಸಿದ್ದು. ಲೆಕ್ಕ ಸರಿ, ಆಕಾರ ಸರಿ, ಆದರೆ ಫೈಬ್ರಿನೋಜನ್ ಹಿಡಿಯುವ ಕೊಕ್ಕೆ ಇರುವುದಿಲ್ಲ ಅಥವಾ ಕೆಲಸ ಮಾಡುವುದಿಲ್ಲ. ರಿಸ್ಟೊಸೆಟಿನ್ ಬಿಟ್ಟು ಎಲ್ಲಕ್ಕೂ ಗ್ರಾಫ್ ಚಪ್ಪಟೆ. ಬರ್ನಾರ್ಡ್–ಸೂಲಿಯೆ ಎಂಬ ಕಾಯಿಲೆ ಅದರ ತಿರುಗುಮುರುಗು. ಅಲ್ಲಿ ಹಗ್ಗ ಹಿಡಿಯುವ ಕೈ ಇಲ್ಲ, ರಿಸ್ಟೊಸೆಟಿನ್ ಒಂದಕ್ಕೇ ಚಪ್ಪಟೆ. ಈ ರಿಸ್ಟೊಸೆಟಿನ್ ಮೊದಲು ರೋಗಿಗಳಿಗೆ ಕೊಡುತ್ತಿದ್ದ ಆ್ಯಂಟಿಬಯಾಟಿಕ್. ಪ್ಲೇಟ್‌ಲೆಟ್ ಇಳಿಸುತ್ತದೆ ಎಂದು ಕೈಬಿಟ್ಟರು. ಆ ಕೆಟ್ಟ ಗುಣವೇ ಲ್ಯಾಬಿಗೆ ವರವಾಯಿತು.

ಶಿರಸಿ ಅಮ್ಮ: (ನಾಲ್ಕು ವಾರದ ನಂತರ)

ಎರಡನೇ ಪರೀಕ್ಷೆ ಆಯಿತು. 16 ದಿನ ಒಂದೂ ಮಾತ್ರೆ ಕೊಡಲಿಲ್ಲ. ಅರಾಕಿಡೋನಿಕ್ 71%. ಎಡಿಪಿ 44 ಏರಿ ಮತ್ತೆ ಇಳಿದಿದೆ. ಎಪಿನೆಫ್ರಿನ್ 20. ಕೊಲಾಜನ್ 58. ರಿಸ್ಟೊಸೆಟಿನ್ 86. ಎಟಿಪಿ ಬಿಡುಗಡೆ ತುಂಬಾ ಕಡಿಮೆ ಎಂದು ಬರೆದಿದ್ದಾರೆ. ವಾನ್ ವಿಲ್ಲಿಬ್ರಾಂಡ್ ಪರೀಕ್ಷೆ ಬೇರೆ ಮಾಡಿದರು, ಅದು ಸರಿಯಿದೆ. ಡೆನ್ಸ್ ಚೀಲಗಳ ಕೊರತೆ ಎಂದರು ಡಾಕ್ಟರು. ಖಚಿತ ಮಾಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಳಿಸಿದ್ದಾರೆ. ಕಬ್ಬಿಣದ ಮಾತ್ರೆ, ಮುಟ್ಟಿನ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಬರೆದಿದ್ದಾರೆ. ಈ ಸಲ ಆರು ದಿನಕ್ಕೆ ನಿಂತಿತು. ಇಷ್ಟು ವರ್ಷ ಉಷ್ಣ ಉಷ್ಣ ಎಂದು ಅವಳನ್ನು ಬೈದಿದ್ದು ನೆನೆದರೆ ಅಳು ಬರುತ್ತದೆ. ಅವಳ ಪ್ರಶ್ನೆ ಒಂದೇ. ಖೋಖೋ ಆಡಬಹುದಾ ಎಂದು ನಿಮ್ಮನ್ನೇ ಕೇಳು ಎನ್ನುತ್ತಾಳೆ.

ನೀಲಿ ಮುಚ್ಚಳ:

ಅಳಬೇಡಿ. ನೀವು ಅವಳನ್ನು ಎರಡೆರಡು ಸಲ ಕರೆದುಕೊಂಡು ಹೋಗಿದ್ದೀರಿ.

ಈಗ ಚಿತ್ರ ಸ್ಪಷ್ಟ. ಅರಾಕಿಡೋನಿಕ್ ಏರಿದೆ, ಅಂದರೆ ಥ್ರಾಂಬಾಕ್ಸೇನ್ ದಾರಿ ಸರಿಯಿದೆ, ಅಲ್ಲಿ ಅಡ್ಡ ನಿಂತಿದ್ದು ಮಾತ್ರೆ. ಎರಡನೇ ಅಲೆ ಈಗಲೂ ಇಲ್ಲ, ಬೆಳಕೂ ಕಡಿಮೆ. ಕೂಗುವ ಗಂಟಲಿದೆ, ಜೇಬಿನಲ್ಲಿ ಸರಕಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಪ್ಲೇಟ್‌ಲೆಟ್ ಸರಿಮಾಡುವುದಿಲ್ಲ. ಕಟ್ಟಿದ ಗಡ್ಡೆ ಬೇಗ ಕರಗದಂತೆ ಕಾಯುತ್ತದೆ. ಅದಕ್ಕೇ ಆರು ದಿನ.

ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿ, ಅವಳ ಕಾಲೇಜು ಬ್ಯಾಗಿನಲ್ಲೂ ನಿಮ್ಮ ಪರ್ಸಿನಲ್ಲೂ ಇರಲಿ: ಪ್ಲೇಟ್‌ಲೆಟ್ ಕೆಲಸದ ದೋಷ, ಆಸ್ಪಿರಿನ್, ಐಬುಪ್ರೊಫೇನ್, ಮೆಫೆನಮಿಕ್ ಬೇಡ ಎಂದು. ಹೊಟ್ಟೆನೋವಿಗೆ ಏನು ಕೊಡಬಹುದು ಎಂದು ಅವರನ್ನೇ ಕೇಳಿ ಅದನ್ನೂ ಬರೆಸಿ, ಇಲ್ಲದಿದ್ದರೆ ಮತ್ತೆ ಗೆಳತಿ ಕೊಡುತ್ತಾಳೆ. ಮುಂದೆ ಹಲ್ಲು ಕೀಳಿಸುವುದಿದ್ದರೆ ಹಲ್ಲಿನ ಡಾಕ್ಟರೂ ಈ ಡಾಕ್ಟರೂ ಮುಂಚೆಯೇ ಮಾತಾಡಿಕೊಳ್ಳಲಿ.

ಖೋಖೋ ಬಗ್ಗೆ ಡಾಕ್ಟರನ್ನು ಒಂದು ಮಾತು ಕೇಳಿ. ಅವರು ಹೂಂ ಎಂದರೆ ಆಡಲಿ, ನನಗೂ ಸಂತೋಷ. ಮೊಣಕಾಲು ತರಚಿದರೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಲಿ. ನಿಂತಿತಾ ಎಂದು ನಡುವೆ ಎತ್ತಿ ನೋಡಬಾರದು. ಅವಳ ಪ್ಲೇಟ್‌ಲೆಟ್‌ಗಳು ನಿಧಾನಕ್ಕೆ ಕೈ ಹಿಡಿಯುತ್ತವೆ, ಎತ್ತಿದಾಗಲೆಲ್ಲ ಹಿಡಿದ ಕೈ ಬಿಡಿಸಿದ ಹಾಗಾಗುತ್ತದೆ.